ಸೂರ್ಯನ ಫೋಟೊ: ಕಿತ್ತೂರು ಸೀಮೆಯ ಹಗಲು ಹವ್ಯಾಸ

ಸೂರ್ಯನ ಫೋಟೊ ಎಂದರೆ ಸಂಜೆಯ ಕೆಂಪು ಬಿಂಬವನ್ನು ಗುಡ್ಡದಂಚಿನಲ್ಲಿ ಹಿಡಿಯುವುದಷ್ಟೇ ಅಲ್ಲ. ಬಿಂಬದ ಮೇಲಿನ ಕಲೆಗಳು, ಗ್ರಹಣದ ಹಂತಗಳು, ವರ್ಷವಿಡೀ ಸೂರ್ಯ ಹುಟ್ಟುವ ಜಾಗ ಸರಿಯುವ ಬಗೆ, ನೆರಳು ಕಾಲಡಿ ಅಡಗುವ ಗಳಿಗೆ, ಇವೆಲ್ಲವೂ ಈ ಹವ್ಯಾಸಕ್ಕೆ ಸೇರಿದವು. ನಕ್ಷತ್ರಗಳ ಫೋಟೊಗೆ ಕಗ್ಗತ್ತಲೆ ಬೇಕು, ನಿದ್ದೆ ಕೆಡಬೇಕು. ಸೂರ್ಯನಿಗೆ ಮನೆಯ ಮಾಳಿಗೆ ಸಾಕು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಬಯಲಿನಲ್ಲಿ ದೀಪಾವಳಿ ಕಳೆದ ಮೇಲೆ ಮುಂಗಾರಿನವರೆಗೆ ಬಿಸಿಲಿಗೆ ಕೊರತೆಯೂ ಇಲ್ಲ.

ಸೂರ್ಯನ ಮೊದಲ ಸ್ಪಷ್ಟ ಫೋಟೊ ತೆಗೆದವರು ಫ್ರಾನ್ಸಿನ ಫೀಜೊ ಮತ್ತು ಫೂಕೊ, 1845ರ ಏಪ್ರಿಲ್ 2ರಂದು. ಅದರಲ್ಲಿ ಸೌರಕಲೆಗಳೂ ಮೂಡಿದ್ದವು. ಈ ವಿದ್ಯೆ ಕನ್ನಡ ನೆಲದ ಹತ್ತಿರ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣವನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲ್ ನೋಡಿದ್ದು ರಾಮದುರ್ಗದ ಉತ್ತರಕ್ಕಿರುವ ಜಮಖಂಡಿಯಲ್ಲಿ. ಮೋಡದ ಕಾಟದ ನಡುವೆಯೂ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಅವರು ರೋಹಿತದರ್ಶಕದಿಂದ ಕಂಡರು. ಅದೇ ದಿನ ಗುಂಟೂರಿನಲ್ಲಿ ಟೆನೆಂಟ್ ಅವರ ತಂಡ ಗ್ರಹಣದ ಫೋಟೊ ತೆಗೆಯಿತು. ಮೂರು ವರ್ಷಗಳ ನಂತರ, 1871ರ ಡಿಸೆಂಬರ್ 12ರಂದು, ಕಾಸರಗೋಡಿನ ಬೇಕಲ ಕೋಟೆಯಲ್ಲಿ ನಾರ್ಮನ್ ಲಾಕಿಯರ್ ಅವರ ತಂಡ ಬೀಡುಬಿಟ್ಟು ಸೂರ್ಯನ ಹೊರ ಪ್ರಭಾವಲಯವನ್ನು ಫಲಕಗಳ ಮೇಲೆ ಇಳಿಸಿತು. 1980ರ ಫೆಬ್ರುವರಿ 16ರ ಗ್ರಹಣದ ಪಟ್ಟೆ ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದಾಗ ವಿಜ್ಞಾನಿಗಳು ಮತ್ತೆ ಈ ಕಡೆ ಬಂದರು.

ಗ್ರಹಣಕ್ಕಷ್ಟೇ ಕಾಯುವವರಿಗಿಂತ ದಿನವೂ ನೋಡುವವರಿಗೆ ಸೂರ್ಯ ಹೆಚ್ಚು ತಿಳಿದಿದ್ದಾನೆ. ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕೊಡೈಕನಾಲ್ ವೀಕ್ಷಣಾಲಯದಲ್ಲಿ 20ನೇ ಶತಮಾನದ ಆರಂಭದಿಂದ ಬಿಸಿಲಿದ್ದ ದಿನವೆಲ್ಲ ಸೂರ್ಯನ ಫೋಟೊ ತೆಗೆಯುತ್ತ ಬರಲಾಗಿದೆ. ಅದಕ್ಕೆ ಬಳಸಿದ್ದು 15 ಸೆಂ.ಮೀ. ಮಸೂರದ ಸಾಧಾರಣ ದೂರದರ್ಶಕ. ನೂರು ವರ್ಷಗಳ ಆ ಫಲಕಗಳು ಈಗ ಡಿಜಿಟಲ್ ರೂಪದಲ್ಲಿವೆ. ಜಗತ್ತಿನ ಸೌರ ಸಂಶೋಧಕರು ಅವನ್ನು ಬಳಸುತ್ತಾರೆ. ಬೆಲೆ ಬಂದದ್ದು ಉಪಕರಣದ ಗಾತ್ರದಿಂದಲ್ಲ, ಬಿಡದೆ ಮಾಡಿದ್ದರಿಂದ. ಸೌರಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಇಳಿಯುತ್ತವೆ. ಈ ಏರಿಳಿತವನ್ನು ಮೊದಲು ಗುರುತಿಸಿದ ಹೈನ್ರಿಖ್ ಶ್ವಾಬೆ ಜರ್ಮನಿಯ ಡೆಸಾವು ಊರಿನ ಔಷಧ ವ್ಯಾಪಾರಿ. ವರ್ಷಗಟ್ಟಲೆ ಕಲೆಗಳನ್ನು ಕೈಯಿಂದ ಗುರುತು ಹಾಕಿ 1843ರಲ್ಲಿ ಪ್ರಕಟಿಸಿದ ಹವ್ಯಾಸಿ.

ಸುರಕ್ಷತೆಯ ವಿಷಯದಲ್ಲಿ ರಾಜಿ ಸಲ್ಲದು. ಕಣ್ಣಿನ ಅಕ್ಷಿಪಟಲಕ್ಕೆ ನೋವು ತಿಳಿಯುವ ನರಗಳಿಲ್ಲ. ಸುಟ್ಟದ್ದು ಆಗ ಗೊತ್ತಾಗುವುದೇ ಇಲ್ಲ. ಮಸಿ ಹಿಡಿಸಿದ ಗಾಜು, ಹಳೆಯ ಎಕ್ಸ್‌ರೇ ಹಾಳೆ, ತಂಪು ಕನ್ನಡಕ ಯಾವುವೂ ನಡೆಯುವುದಿಲ್ಲ. ಸಗಣಿ ನೀರಿನಲ್ಲಿ ಗ್ರಹಣ ನೋಡುವ ರೂಢಿಯನ್ನೂ ಕೈಬಿಡುವುದು ಒಳ್ಳೆಯದು, ಏಕೆಂದರೆ ನೀರಿನ ಮೇಲಿನ ಪ್ರತಿಫಲನವೂ ಕಣ್ಣಿಗೆ ಹೆಚ್ಚೇ. ಬೇಕಾದದ್ದು ಬೆಳಕನ್ನು ಲಕ್ಷಕ್ಕೆ ಒಂದು ಪಾಲಿಗೆ ಇಳಿಸುವ ಸೌರ ಫಿಲ್ಟರ್ ಹಾಳೆ. ಅದನ್ನು ಲೆನ್ಸಿನ ಮುಂಭಾಗಕ್ಕೆ, ಗಾಳಿಗೆ ಹಾರದಂತೆ ಬಿಗಿಯಾಗಿ ಕೂರಿಸಬೇಕು, ಕಣ್ಣಿಡುವ ಕಡೆಗಲ್ಲ. ಪ್ರತಿ ಸಲ ಬಿಸಿಲಿಗೆ ಹಿಡಿದು ಸೂಜಿತೂತು ಬಿದ್ದಿದೆಯೇ ಎಂದು ಪರೀಕ್ಷಿಸಬೇಕು. ಕ್ಯಾಮೆರಾದ ಇಣುಕುಗಾಜಿಗಿಂತ ಹಿಂಬದಿಯ ಪರದೆಯಲ್ಲಿ ನೋಡುವುದು ಲೇಸು.

ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ ಮಾತ್ರ. ಲೆನ್ಸಿನ ನಾಭಿದೂರವನ್ನು 107ರಿಂದ ಭಾಗಿಸಿದರೆ ಕ್ಯಾಮೆರಾದೊಳಗೆ ಬಿಂಬ ಎಷ್ಟು ದೊಡ್ಡದು ಎಂಬುದು ಸಿಗುತ್ತದೆ: 300 ಮಿ.ಮೀ. ಲೆನ್ಸಿಗೆ 3 ಮಿ.ಮೀ.ಗಿಂತ ಕಡಿಮೆ, 500ಕ್ಕೆ ಸುಮಾರು 4.7 ಮಿ.ಮೀ. ಕಲೆಗಳನ್ನು ತೋರಿಸಲು ಇಷ್ಟು ಸಾಕು. ಟ್ರೈಪಾಡ್ ಗಟ್ಟಿಯಾಗಿರಬೇಕು, ಫೋಕಸ್ ಅನ್ನು ಕೈಯಿಂದಲೇ ಬಿಂಬದ ಅಂಚಿಗೆ ಹೊಂದಿಸಬೇಕು. ಸೂರ್ಯ ತನ್ನಷ್ಟು ಅಗಲ ಸರಿಯಲು ಎರಡೇ ನಿಮಿಷ ಸಾಕು, ಹಾಗಾಗಿ ಚೌಕಟ್ಟನ್ನು ಆಗಾಗ ಸರಿಪಡಿಸಬೇಕು. ಹೊತ್ತೇರಿದ ಮೇಲೆ ನೆಲ ಕಾದು ಗಾಳಿ ಕುದಿಯುವಂತೆ ನಡುಗುತ್ತದೆ. ಸ್ಪಷ್ಟ ಚಿತ್ರ ಸಿಗುವುದು ಮುಂಜಾನೆ. 2024ರ ಮೇ ತಿಂಗಳಲ್ಲಿ ಸುಮಾರು 15 ಭೂಮಿಗಳನ್ನು ಸಾಲಾಗಿ ಇಟ್ಟಷ್ಟು ಅಗಲದ ಕಲೆಗಳ ಗುಂಪೊಂದು ಸೂರ್ಯನ ಮೇಲಿತ್ತು. ಅಲ್ಲಿಂದ ಎದ್ದ ಸೌರ ಬಿರುಗಾಳಿಯಿಂದ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯ ಆಕಾಶವೇ ಕೆಂಪಾಯಿತು.

ಕ್ಯಾಮೆರಾ ಇಲ್ಲದವರಿಗೂ ದಾರಿಯಿದೆ. ತಗಡಿನ ಚಾವಣಿಯ ಸಣ್ಣ ತೂತಿನಿಂದ ನೆಲಕ್ಕೆ ಬೀಳುವ ದುಂಡು ಬೆಳಕು ಸೂರ್ಯನ ಬಿಂಬವೇ. ತೂತು ಚೌಕವಿದ್ದರೂ ಬೆಳಕು ದುಂಡಾಗಿಯೇ ಬೀಳುತ್ತದೆ. ತೂತಿನಿಂದ ಬಿಂಬ ಬೀಳುವ ಜಾಗಕ್ಕೆ 3 ಮೀಟರ್ ದೂರವಿದ್ದರೆ ಬಿಂಬ 28 ಮಿ.ಮೀ. ಅಗಲ. ಗ್ರಹಣದ ದಿನ ಅದೇ ಬೆಳಕು ಕುಡುಗೋಲಿನ ಆಕಾರಕ್ಕೆ ತಿರುಗುತ್ತದೆ. ಅಲ್ಲೊಂದು ಬಿಳಿ ಹಾಳೆ ಹಿಡಿದರೆ ಮೊಬೈಲಿನಲ್ಲೇ ಫೋಟೊ ತೆಗೆಯಬಹುದು. ಬೇವಿನ ಮರದ ಕೆಳಗೂ ಇಂಥ ನೂರಾರು ಬಿಂಬಗಳು ಸಿಗುತ್ತವೆ.

ಕಿತ್ತೂರಿನಲ್ಲಿ ಆಕಾಶವನ್ನು ಅಳತೆ ಹಿಡಿದು ನೋಡುವುದು ಹೊಸದಲ್ಲ. ರಾಣಿ ಚೆನ್ನಮ್ಮನ ಅರಮನೆಯ ಅವಶೇಷದಲ್ಲಿ ಧ್ರುವ ನಕ್ಷತ್ರ ನೋಡಲೆಂದು ಗೋಡೆಯಲ್ಲಿ ಕೂರಿಸಿದ ಕಿಂಡಿಯನ್ನು ಇಂದಿಗೂ ಪ್ರವಾಸಿಗರು ಇಣುಕಿ ನೋಡುತ್ತಾರೆ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರವೋ ಊರಿನ ಅಕ್ಷಾಂಶವೂ ಅಷ್ಟೇ. ಕಿತ್ತೂರಿಗೆ ಅದು ಸುಮಾರು 15.6 ಡಿಗ್ರಿ. ಸೂರ್ಯನ ಲೆಕ್ಕವೆಲ್ಲ ಹೊರಡುವುದು ಈ ಸಂಖ್ಯೆಯಿಂದಲೇ. ಡಿಸೆಂಬರ್ ಕೊನೆಗೆ ಸೂರ್ಯ ನಡುಹಗಲಿನಲ್ಲೂ 51 ಡಿಗ್ರಿ ಎತ್ತರದಲ್ಲಿ ದಕ್ಷಿಣಕ್ಕಿರುತ್ತಾನೆ. ಜೂನ್ 21ಕ್ಕೆ ನೆತ್ತಿಯನ್ನು ದಾಟಿ ಸುಮಾರು 8 ಡಿಗ್ರಿ ಉತ್ತರಕ್ಕೆ ಹೋಗಿರುತ್ತಾನೆ. ನಡುವೆ ಮೇ 3ರ ಸುಮಾರಿಗೆ ಕಿತ್ತೂರಿನ ಸರಿಯಾದ ನೆತ್ತಿಯ ಮೇಲೆ ಬರುತ್ತಾನೆ. ಗಡಿಯಾರದ 12 ಗಂಟೆಗಲ್ಲ, 12.28ರ ಹೊತ್ತಿಗೆ, ಏಕೆಂದರೆ ನಮ್ಮ ಗಡಿಯಾರ ಓಡುವುದು ಪೂರ್ವದ 82.5 ಡಿಗ್ರಿ ರೇಖಾಂಶದ ಸಮಯಕ್ಕೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇಲ್ಲ. ರಾಮದುರ್ಗದಲ್ಲಿ ಇದೇ ನೋಟ ಒಂದು ದಿನ ತಡವಾಗಿ ಸಿಗುತ್ತದೆ. ಆಗಸ್ಟ್ ಎರಡನೇ ವಾರದ ಹೊತ್ತಿಗೆ ಸೂರ್ಯ ಹಿಂದಿರುಗುವಾಗ ಸರದಿ ತಿರುಗುತ್ತದೆ: ರಾಮದುರ್ಗ ಮೊದಲು, ಕಿತ್ತೂರು ಆಮೇಲೆ. ಆದರೆ ಆಗ ಮೋಡವಿರುವುದೇ ಹೆಚ್ಚು.

ಈ ಹವ್ಯಾಸದ ಅತ್ಯಂತ ಸೊಗಸಾದ ಭಾಗ ಡಬ್ಬಿ ಕ್ಯಾಮೆರಾ. ಖಾಲಿ ತಗಡಿನ ಡಬ್ಬಿಗೆ ಸೂಜಿಮೊನೆಯಷ್ಟು ತೂತು ಕೊರೆದು, ಕತ್ತಲಲ್ಲಿ ಒಳಗೆ ಕಪ್ಪು-ಬಿಳುಪು ಫೋಟೊ ಕಾಗದ ಬಾಗಿಸಿಟ್ಟು, ಮುಚ್ಚಿ ಮಾಳಿಗೆಯ ಕಂಬಕ್ಕೆ ಬಿಗಿಯುತ್ತಾರೆ. ಆರು ತಿಂಗಳು ಮುಟ್ಟುವುದಿಲ್ಲ. ಬಿಸಿಲಿದ್ದ ದಿನ ಸೂರ್ಯ ನಡೆದ ದಾರಿ ಒಂದೊಂದು ಗೆರೆಯಾಗಿ ಮೂಡುತ್ತದೆ, ಮೋಡ ಕವಿದ ಕಡೆ ಗೆರೆ ಕಡಿಯುತ್ತದೆ. ಕಾಗದವನ್ನು ರಾಸಾಯನಿಕದಲ್ಲಿ ತೊಳೆಯದೆ ಹಾಗೆಯೇ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ತಿರುಗಿಸಿದರಾಯಿತು. ಯುರೋಪಿನವರು ಬರೆದ ಸೂಚನೆಗಳಲ್ಲಿ ಡಬ್ಬಿ ದಕ್ಷಿಣಕ್ಕೆ ಮುಖ ಮಾಡಿರಲಿ ಎಂದಿರುತ್ತದೆ. ಇಲ್ಲಿ ಅದು ಹೊಂದುವುದಿಲ್ಲ; ಬೇಸಗೆಯ ಸೂರ್ಯ ನೆತ್ತಿಗೇರಿ ತೂತಿನ ನೋಟದಿಂದ ತಪ್ಪಿಸಿಕೊಳ್ಳುತ್ತಾನೆ. ಪೂರ್ವಕ್ಕೋ ಪಶ್ಚಿಮಕ್ಕೋ ಕಟ್ಟಿದರೆ ಗೆರೆಗಳು ದಿಗಂತದಿಂದ ಬಹುತೇಕ ನೆಟ್ಟಗೆ, ದಕ್ಷಿಣಕ್ಕೆ ತುಸು ವಾಲಿ ಏಳುತ್ತವೆ. ಕಟ್ಟುವ ದಿನ ಡಿಸೆಂಬರ್ 22, ಬಿಚ್ಚುವ ದಿನ ಜೂನ್ 21 ಇದ್ದರೆ ಸೂರ್ಯನ ಪೂರ್ತಿ ಓಡಾಟವೂ ಸಿಗುತ್ತದೆ, ಮಳೆಗಾಲದ ಬಹುಪಾಲೂ ತಪ್ಪುತ್ತದೆ.

ಉದಯಾಸ್ತದ ಫೋಟೊಗಳಿಗೂ ಇದೇ ಶಿಸ್ತು ಒಪ್ಪುತ್ತದೆ. ಡಿಸೆಂಬರಿನಿಂದ ಜೂನ್‌ಗೆ ಸೂರ್ಯ ಹುಟ್ಟುವ ಜಾಗ ಸುಮಾರು 49 ಡಿಗ್ರಿ ಉತ್ತರಕ್ಕೆ ಸರಿಯುತ್ತದೆ. ಸವದತ್ತಿಯ ಎಲ್ಲಮ್ಮನ ಗುಡ್ಡದ ಒಂದೇ ಬಂಡೆಯಿಂದ ತಿಂಗಳಿಗೊಂದು ಚಿತ್ರ ತೆಗೆದರೆ ಅದು ಕಣ್ಣಿಗೆ ಕಟ್ಟುತ್ತದೆ. ಕಬ್ಬಿನ ರವದಿ ಸುಡುವ ದಿನಗಳಲ್ಲಿ ಹೊಗೆಯಿಂದಾಗಿ ಬಿಂಬ ಇನ್ನೂ ಕೆಂಪಾಗುತ್ತದೆ, ದಿಗಂತದಲ್ಲಿ ವಾತಾವರಣ ಬೆಳಕನ್ನು ಬಾಗಿಸುವುದರಿಂದ ಚಪ್ಪಟೆಯಾಗಿಯೂ ಕಾಣುತ್ತದೆ. ಇಂಥ ಫೋಟೊಗಳಿಗೆ ದಿನಾಂಕ, ಗಂಟೆ, ನಿಂತ ಜಾಗ ಬರೆದಿಡದಿದ್ದರೆ ಅವು ಬರೀ ಚೆಂದದ ಚಿತ್ರಗಳಾಗಿ ಉಳಿಯುತ್ತವೆ.

2027ರ ಆಗಸ್ಟ್ 2ರ ಖಗ್ರಾಸ ಗ್ರಹಣ ಈಜಿಪ್ಟಿನ ಲಕ್ಸರ್ ಬಳಿ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಇರುತ್ತದೆ. ಕಿತ್ತೂರು ಸೀಮೆಗೆ ಅಂದು ಸೂರ್ಯಾಸ್ತಕ್ಕೆ ಮುಂಚೆ ಪಾರ್ಶ್ವಗ್ರಹಣ, ಮೋಡ ಬಿಟ್ಟರೆ. 2031ರ ಮೇ 21ರ ಕಂಕಣ ಗ್ರಹಣ ಕೇರಳ, ತಮಿಳುನಾಡುಗಳ ಮೇಲೆ ಹಾಯುತ್ತದೆ; ಇಲ್ಲಿ ಪಾರ್ಶ್ವವಾಗಿ ಕಾಣುವ ಅದಕ್ಕೆ ಬೇಸಗೆಯ ಆಕಾಶ ಹೆಚ್ಚು ಅನುಕೂಲ. ಆಸಕ್ತಿಯುಳ್ಳ ಶಾಲೆಗಳು ಫಿಲ್ಟರ್ ಹಾಳೆಯನ್ನು ಈಗಲೇ ತರಿಸಿಕೊಂಡು ಸೌರಕಲೆಗಳ ಮೇಲೆ ಮಕ್ಕಳ ಕೈ ಪಳಗಿಸಲಿ.