ಅವ್ವನ ಸೀರೆ, ಅಜ್ಜನ ಕುರ್ಚಿ

ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಜ್ಜನ ಸಾಗವಾನಿ ಕುರ್ಚಿಯೊಂದಿದೆ. ಗಾದಿ ಕುಸಿದು ಹೋಗಿತ್ತು. ಭಂಗಾರ್‌ವಾಲಾನಿಗೆ ಕೊಟ್ಟುಬಿಡೋಣ ಅಂದರು ಅಪ್ಪ. ನಾನು ಕೇಳಲಿಲ್ಲ. ಅವ್ವ ಎತ್ತಿಟ್ಟಿದ್ದ ಹಳೇ ಇಳಕಲ್ ಸೀರೆಯನ್ನು ಕತ್ತರಿಸಿ, ಒಂದೇ ಪದರ ಎಳೆದು ಮೊಳೆ ಹೊಡೆದೆ. ತಿಂಗಳೊಳಗೆ ಮೊಳೆಯ ಸಾಲಿನುದ್ದಕ್ಕೂ ಪರ್ರನೆ ಹರಿಯಿತು. ಅವ್ವ ಬಯ್ಯಲಿಲ್ಲ. "ಕೌದಿ ಹೊಲದಂಗ ಹೊಲೀಬೇಕಿತ್ತಪಾ" ಅಂದಳು, ಅಷ್ಟೆ.

ಗುಟ್ಟು ಇರೋದು ಅಲ್ಲೇ. ಸೀರೆ ಉಡಲಿಕ್ಕೆ ನೇಯ್ದದ್ದು, ಭಾರ ಹೊರಲಿಕ್ಕಲ್ಲ. ಹಳೇದಾದರೆ ಮಡಿಕೆಗಳಲ್ಲಿ ನೂಲು ಸವೆದಿರುತ್ತದೆ. ಇಳಕಲ್ಲಿನಲ್ಲಂತೂ ಸೆರಗಿನ ಹಾಸನ್ನು ಮೈಯ ಹಾಸಿಗೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಜೋಡಣೆ ಕೂರುವ ಜಾಗಕ್ಕೆ ಬರಬಾರದು. ಬೆಳಕಿಗೆ ಹಿಡಿದು, ತೆಳುವಾದದ್ದನ್ನು ಬಿಟ್ಟು ಕತ್ತರಿಸಬೇಕು.

ಇನ್ನು ಕೆಲಸ. ಹಳೇ ಮೊಳೆ ಕಿತ್ತು, ಚೌಕಟ್ಟಿಗೆ ನವಾರನ್ನು ಚಾಪೆಯ ಹಾಗೆ ಹೆಣೆದು ಬಿಗಿಯಿರಿ. ಅದರ ಮೇಲೆ ಗೋಣಿತಟ್ಟು, ತೆಂಗಿನ ನಾರು, ಹತ್ತಿ. ಹಳೇ ಧೋತರದ ಎರಡು ಪದರದ ಮೇಲೆ ಸೀರೆಯಿಟ್ಟು, ಬೆರಳಗಲಕ್ಕೊಂದು ಸಾಲಿನಂತೆ ಕೌದಿ ಹೊಲಿಗೆ ಹಾಕಿ. ಆಗ ಎಳೆತ ಎಲ್ಲ ಪದರಕ್ಕೂ ಹಂಚಿಹೋಗುತ್ತದೆ. ಸುತ್ತಲೂ 3 ಅಂಗುಲ ಹೆಚ್ಚು ಬಿಟ್ಟು, ಅಂಚು ಒಳಮಡಚಿ, ಮೊದಲು ನಾಲ್ಕೂ ಬದಿಯ ನಡುವೆ ಒಂದೊಂದು ಮೊಳೆ. ಆಮೇಲೆ ನಡುವಿನಿಂದ ಮೂಲೆಗೆ ಸಾಗಬೇಕು. ಮೂಲೆಯಿಂದ ಶುರು ಮಾಡಿದರೆ ಬಟ್ಟೆ ಸುಕ್ಕಾಗುತ್ತೆ.

ಎರಡನೇ ಸಲ ಕತ್ತರಿ ಹಿಡಿದಾಗ ಕೈ ನಡುಗಿತು. ಸೀರೆಯಲ್ಲಿ ಗಟ್ಟಿ ಉಳಿದದ್ದು ಅದೊಂದೇ ತುಂಡು. ಹೊಲಿಗೆ ಮಾತ್ರ ಅವ್ವನೇ ಹಾಕಿದಳು. ಈಗ ದಿನಾ ಸಂಜೆ ಅದರ ಮೇಲೆಯೇ ಕೂತು ಪಲ್ಯ ಸೋಸುತ್ತಾಳೆ.