ಚೌಕಾಬಾರದ ಒಂದು ಕಠಿಣ ನಿಯಮ

ಚಿತ್ರದುರ್ಗದ ಸೀಮೆಯಲ್ಲಿ ಬೇಸಗೆಯ ಮಧ್ಯಾಹ್ನವೆಂದರೆ ಹೊರಗೆ ಕಾಲಿಡಲಾಗದ ಹೊತ್ತು. ಅಂತಹ ವೇಳೆಯಲ್ಲಿ ಜಗುಲಿಯ ಮೇಲೆ ಬಳಪದಿಂದ ಐದೈದು ಮನೆಗಳ ಚೌಕವನ್ನು ಬರೆದು ಚೌಕಾಬಾರಕ್ಕೆ ಕುಳಿತುದು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಕವಡೆಯಿಲ್ಲದಿದ್ದರೆ ಹುಣಿಸೆಯ ಬೀಜವನ್ನು ಇಬ್ಭಾಗ ಮಾಡಿದರಾಯಿತು; ಕಾಯಿಗಳಿಗೆ ಹೊಳಲ್ಕೆರೆಯವರಿಗೆ ಅಡಕೆಯ ಹೋಳು, ಹೊಸದುರ್ಗದವರಿಗೆ ಕರಟದ ಚೂರು, ಏನೂ ಇಲ್ಲದ ಹಿರಿಯೂರಿನವರಿಗೆ ಒಡೆದ ಬಳೆ. ಖರ್ಚಿಲ್ಲದ ಆಟ. ಆದರೆ ಜಗಳಕ್ಕೆ ಕೊರತೆಯಿಲ್ಲ, ಮತ್ತು ಆ ಜಗಳಗಳಲ್ಲಿ ಅರ್ಧಕ್ಕೆ ಒಂದೇ ನಿಯಮವು ಕಾರಣವೆಂದು ನನ್ನ ಅನುಭವ.

ಎದುರಾಳಿಯ ಒಂದು ಕಾಯನ್ನಾದರೂ ಕಡಿಯದವನು ಒಳಸುತ್ತಿಗೆ ಹೋಗಕೂಡದು, ಇದೇ ಆ ನಿಯಮ. ಕಾಯಿ ತನ್ನ ಕಟ್ಟೆಮನೆಯಿಂದ ಹೊರಟು, ೧೬ ಮನೆಗಳ ಹೊರಸುತ್ತನ್ನು ಎಡಕ್ಕೆ ತಿರುಗುತ್ತ ಮುಗಿಸಿ, ೮ ಮನೆಗಳ ಒಳಸುತ್ತನ್ನು ಬಲಕ್ಕೆ ತಿರುಗುತ್ತ ನಡೆದು, ನಡುಮನೆಯಲ್ಲಿ ಹಣ್ಣಾಗುವುದು. ೨೫ ಮನೆಗಳಲ್ಲಿ ಒಂದನ್ನೂ ಬಿಡುವುದಿಲ್ಲ. ಕಡಿಯದವನ ಕಾಯಿ ಮಾತ್ರ ಬಾಗಿಲಿಗೆ ಬಂದರೂ ಒಳಗೆ ಹೋಗದೆ ಹೊರಗೇ ಸುತ್ತಬೇಕು. ಏಳುಸುತ್ತಿನ ಕೋಟೆಯ ನೆರಳಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದ ಲೂಡೋ ನಮ್ಮ ದೇಶದ ಪಚ್ಚೀಸಿಯಿಂದಲೇ ಹುಟ್ಟಿದುದು. ಅದರಲ್ಲಿ ಯಾರ ತಂಟೆಗೂ ಹೋಗದೆ ಮನೆ ಸೇರಬಹುದು. ಚೌಕಾಬಾರದಲ್ಲಿ ಸಾಧುವಾಗಿ ಓಡಿದವನಿಗೆ ದಾರಿಯೇ ಇಲ್ಲ. ಇದು ಕ್ರೌರ್ಯವೆಂದು ಮೊದಲು ನಾನೂ ಎಣಿಸಿದ್ದೆ. ಈ ನಿಯಮವನ್ನು ತೆಗೆದು ಆಡಿ ನೋಡಿದರೆ ಆಟವು ಬರಿಯ ಓಟವಾಗುವುದು. ಪಕ್ಕದವನ ಕಡೆಗೆ ಕಣ್ಣೆತ್ತಬೇಕಾದ ಕಾರಣವೇ ಇರುವುದಿಲ್ಲ. ಇನ್ನೂ ಒಂದು ಸೂಕ್ಷ್ಮವುಂಟು: ಕಡಿಯದೆ ಹೊರಗುಳಿದವನೇ ಎಲ್ಲರಿಗಿಂತ ಅಪಾಯದವನು. ಅವನಿಗೆ ಬೇರೆ ಕೆಲಸವಿಲ್ಲ. ಗೀಟುಹಾಕಿದ ಕಟ್ಟೆಮನೆಯಲ್ಲಿ ನಿಂತವನನ್ನು ಅವನು ಮುಟ್ಟಲಾರನು. ಉಳಿದೆಡೆ ಯಾರು ಸಿಕ್ಕಿದರೂ ಕಡಿದು, ಇನ್ನೊಂದು ಸಲ ಕವಡೆ ಹಾಕುವನು.

ಅವನ ಮುಂದೆ ಎಷ್ಟು ದೂರದಲ್ಲಿ ನಿಲ್ಲಬೇಕು? ನಾಲ್ಕು ಬೀಜಗಳು ಎರಡು ಮಗ್ಗುಲಿಗೂ ಸಮವಾಗಿ ಬೀಳುವುವೆಂದಿಟ್ಟುಕೊಂಡರೆ, ಬೀಳುವ ಬಗೆಗಳು ೧೬. ಎರಡು ಬೀಳುವುದು ೬ ಬಗೆ. ಒಂದೂ ಮೂರೂ ನಾಲ್ಕು ನಾಲ್ಕು ಬಗೆ. ಚೌಕವೂ ಬಾರವೂ ಒಂದೊಂದೇ. ಆದಕಾರಣ ಹಸಿದವನಿಗೆ ಎರಡು ಮನೆ ಮುಂದೆ ನಿಲ್ಲುವುದು ಎಲ್ಲಕ್ಕಿಂತ ದುಡುಕು.

ಒಂದು ಸಲ ಕಡಿದರೆ ನಾಲ್ಕು ಕಾಯಿಗೂ ಸಾಕೆ, ಮಕ್ಕಳಿಗೆ ವಿನಾಯಿತಿಯುಂಟೆ ಎಂಬುದು ಮನೆಯಿಂದ ಮನೆಗೆ ಬೇರೆ. ಬಳಪ ಹಿಡಿಯುವ ಮೊದಲೇ ಕೇಳಿಕೊಳ್ಳುವುದು ಕ್ಷೇಮ.

ನಮ್ಮ ಸೋದರತ್ತೆಯೊಬ್ಬರು ಮಕ್ಕಳ ಕಾಯನ್ನು ಕಡಿಯುತ್ತಲೇ ಇರಲಿಲ್ಲ. ಗರ ಬಿದ್ದರೂ ಬೇರೆ ಕಾಯನ್ನು ನಡೆಸಿಬಿಡುವರು. ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಹೋಗಿ ಹಣ್ಣು ಮಾಡಿಕೊಳ್ಳುವರು. ಅತ್ತೆಯ ಕಾಯಿಗಳು ಸಂಜೆಯವರೆಗೂ ಹೊರಗೆ ಸುತ್ತುವುವು. ಹೊರಗೆ ಯಾರೂ ಉಳಿಯದಿದ್ದರೆ ಅವರಿಗೆ ಕಡಿಯಲು ಕಾಯೇ ಇರದು. ಒಂದು ದಿನ ನನ್ನ ತಮ್ಮನಿಗೆ ಒಂದೇ ಕಾಯಿ ಹೊರಗಿತ್ತು. ಒಳಗಿನದನ್ನು ಹಣ್ಣು ಮಾಡುವ ಗರವೂ ಬಿದ್ದಿತ್ತು. ಹುಡುಗನು ಸ್ವಲ್ಪ ಹೊತ್ತು ಹಲಗೆಯನ್ನೇ ನೋಡಿ, ಹೊರಗಿನ ಕಾಯನ್ನು ಅತ್ತೆಯ ಕಾಯಿಗೆ ಸರಿಯಾಗಿ ಎರಡು ಮನೆ ಮುಂದೆ ನಡೆಸಿ, "ಈಗ ಕಡಿಯಲೇಬೇಕು" ಎಂದನು. ಅತ್ತೆ ಕವಡೆ ಹಾಕಿದರು. ಎರಡು ಬಿತ್ತು. ಕಡಿದರು.