ಒಂದು ತಿಂಗಳ ಬಾಡಿಗೆ

ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ಬಾಡಿಗೆಯನ್ನು ಸಕಾಲದಲ್ಲಿ ಸಲ್ಲಿಸಲಾರದ ಗೃಹಸ್ಥನಿಗೆ ಮನೆಯ ಒಡೆಯನು ಕೊಡತಕ್ಕ ಮೊದಲ ಸೂಚನೆಯ ಅವಧಿ ಮೂರೇ ದಿನ. ಅಷ್ಟರೊಳಗೆ ಬಾಕಿ ತೀರಿಸಬೇಕು, ಇಲ್ಲವೆ ಮನೆ ಬಿಡಬೇಕು. ಎರಡೂ ಆಗದಿದ್ದರೆ ವ್ಯಾಜ್ಯವು ನ್ಯಾಯಾಲಯದ ಮೆಟ್ಟಿಲೇರುತ್ತದೆ. ಇಂಥ ಕಾಗದ ಬಂದವರೆಲ್ಲರೂ ಸೋಮಾರಿಗಳೊ ದುರ್ವ್ಯಸನಿಗಳೊ ಆಗಿರಬೇಕೆಂದು ಭಾವಿಸುವುದು ಸುಖವಾಗಿ ಉಂಡು ಮಲಗುವವರ ಅಭ್ಯಾಸ. ವಾಸ್ತವವಾಗಿ, ತಿಂಗಳ ಸಂಬಳ ತಿಂಗಳಿಗೇ ಮುಗಿದುಹೋಗುವ ಸಂಸಾರದಲ್ಲಿ ಮಗುವಿಗೆ ಜ್ವರ ಬಂದು ತಾಯಿ ಹದಿನೈದು ದಿನ ಕೆಲಸಕ್ಕೆ ಹೋಗದಿದ್ದರೂ, ಕೆಲಸಕ್ಕೆ ಹೋಗಲಿಕ್ಕೆ ಇರುವ ಒಂದೇ ಹಳೆಯ ಕಾರು ಕೆಟ್ಟು ನಿಂತರೂ ಸಾಕು, ಅದುವರೆಗೆ ಮರ್ಯಾದೆಯಿಂದ ಬಾಳಿದವರು ಬೀದಿಯ ಅಂಚಿಗೆ ಬಂದು ನಿಲ್ಲುತ್ತಾರೆ.

ಆ ಒಂದು ತಿಂಗಳ ಬಾಡಿಗೆಯನ್ನು ದಾನಿಗಳಿಂದ ಸಂಗ್ರಹಿಸಿ ಕೊಟ್ಟರೆ ಹೇಗೆಂಬ ಯೋಚನೆಯಿಂದ, ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆಯೂ ಹಾಸ್ ಕುಟುಂಬದ ಧರ್ಮನಿಧಿಯೂ ಕೂಡಿ 1986ರಲ್ಲಿ ‘ಸೀಸನ್ ಆಫ್ ಷೇರಿಂಗ್’ ಎಂಬ ನಿಧಿಯನ್ನು ಸ್ಥಾಪಿಸಿದವು. ಓದುಗರು ಕೊಟ್ಟ ಹಣ ಕಷ್ಟದಲ್ಲಿರುವವರ ಕೈಗೆ ಹೋಗದೆ ನೇರವಾಗಿ ಮನೆಯ ಒಡೆಯನಿಗೆ ಸಂದಾಯವಾಗುತ್ತದೆ. ನಿರ್ವಹಣೆಯ ವೆಚ್ಚವನ್ನು ಸ್ಥಾಪಕರೇ ಹೊರುವುದರಿಂದ ದಾನದ ಹಣದಲ್ಲಿ ಕಚೇರಿಯ ಪಾಲೆಂಬುದಿಲ್ಲ. ಪತ್ರಿಕೆಯೊಂದು ಇಂಥ ಭಾರ ಹೊರುವುದು ಅಲ್ಲಿಗೆ ಹೊಸತೂ ಅಲ್ಲ. ನ್ಯೂಯಾರ್ಕ್ ಟೈಮ್ಸ್ 1912ರಲ್ಲಿಯೇ ನೂರು ದೀನರ ಸಂಗತಿಯನ್ನು ಪ್ರಕಟಿಸಿ ನೆರವು ಬೇಡಿತ್ತು.

ಆದರೆ ನೆರವು ಸಿಗದಿದ್ದರೆ ಇವರು ನಿಜವಾಗಿಯೂ ನಿರ್ಗತಿಕರಾಗುತ್ತಿದ್ದರೇ? ದಾನಿಗೆ ಕೇಳಲು ಸಂಕೋಚವಾಗುವ ಈ ಪ್ರಶ್ನೆಗೆ ಉತ್ತರ ದೊರೆತದ್ದು ಷಿಕಾಗೋ ನಗರದಲ್ಲಿ. ಬಾಡಿಗೆ ಕಟ್ಟಲಾರದವರು ನೆರವು ಕೋರಿ ಕರೆ ಮಾಡುವ ಅಲ್ಲಿನ ಸಹಾಯವಾಣಿಯಲ್ಲಿ ಹಣ ಕೆಲವು ದಿನ ಇರುತ್ತಿತ್ತು, ಕೆಲವು ದಿನ ಬರಿದಾಗಿರುತ್ತಿತ್ತು. ಕರೆ ಮಾಡುವವರಿಗೆ ಅದು ಮುಂಚೆ ತಿಳಿಯುವಂತಿರಲಿಲ್ಲ. ಇದ್ದ ದಿನ ಕೇಳಿದವರನ್ನೂ ಇಲ್ಲದ ದಿನ ಕೇಳಿದವರನ್ನೂ ಹೋಲಿಸಿ ನೋಡಿದ ಅರ್ಥಶಾಸ್ತ್ರಜ್ಞರು, ಮೊದಲಿನವರು ಆರು ತಿಂಗಳೊಳಗೆ ನಿರಾಶ್ರಿತರ ತಂಗುದಾಣ ಸೇರುವ ಸಂಭವ ಶೇಕಡ 76ರಷ್ಟು ಕಡಮೆಯೆಂದು 2016ರ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದು ನೆಮ್ಮದಿಯ ಮಾತು. ಇದರ ಜೊತೆಯಲ್ಲೇ ಬಂದ ಇನ್ನೊಂದು ಮಾತು ಅಷ್ಟು ನೆಮ್ಮದಿಯದಲ್ಲ: ನೆರವು ಸಿಗದವರಲ್ಲಿಯೂ ತಂಗುದಾಣ ಸೇರಿದವರು ನೂರಕ್ಕೆ ಇಬ್ಬರಷ್ಟೆ. ಒಬ್ಬರನ್ನು ಉಳಿಸಲು ಅನೇಕರಿಗೆ ಕೊಡಬೇಕಾಗುವುದರಿಂದ, ಹಾಗೆ ಉಳಿದ ಪ್ರತಿಯೊಬ್ಬರಿಗೂ ಸುಮಾರು 10,300 ಡಾಲರು ವೆಚ್ಚ ಬೀಳುತ್ತದೆ. ಕಡುಬಡವರನ್ನೇ ಆರಿಸಿ ಕೊಟ್ಟರೆ ಇದು 6,800ಕ್ಕೆ ಇಳಿಯುತ್ತದೆ. ಇಂಥ ನಿಧಿಗಳಾದರೊ ಸಾಮಾನ್ಯವಾಗಿ, ಮುಂದಿನ ತಿಂಗಳಿಂದ ಬಾಡಿಗೆ ಕಟ್ಟಬಲ್ಲೆನೆಂದು ತೋರಿಸಬಲ್ಲವರನ್ನೇ ಹುಡುಕುತ್ತವೆ. ಕೊಟ್ಟ ಹಣ ವ್ಯರ್ಥವಾಗಬಾರದೆಂಬ ಈ ವಿವೇಕದಲ್ಲಿ, ಬೀಳುವುದು ಖಚಿತವಾದವನನ್ನೇ ಹೊರಗಿಡುವ ಕ್ರೌರ್ಯವೂ ಅಡಗಿದೆಯೆಂದು ನನಗೆ ತೋರುತ್ತದೆ.

ಕ್ಯಾಲಿಫೋರ್ನಿಯದ ಸ್ಯಾಂಟಾ ಕ್ಲಾರಾ ಜಿಲ್ಲೆಯವರು ಈ ತೊಡಕನ್ನು ಬಿಡಿಸಲು ಯತ್ನಿಸಿದರು. ನಮ್ಮ ಕನ್ನಡದ ಎಂಜಿನಿಯರುಗಳು ಬಹುಸಂಖ್ಯೆಯಲ್ಲಿ ನೆಲೆಸಿರುವ ಸನಿವೇಲ್, ಕ್ಯುಪರ್ಟಿನೊಗಳು ಇರುವುದು ಇದೇ ಜಿಲ್ಲೆಯಲ್ಲಿ. ಅವರಂಥವರ ಸಂಬಳವನ್ನು ನೋಡಿಕೊಂಡೇ ಅಲ್ಲಿನ ಬಾಡಿಗೆ ಏರಿದೆಯೆಂಬುದನ್ನೂ ಮರೆಯಲಾಗದು. ಅಲ್ಲಿ ಪ್ರಶ್ನಾವಳಿಯಿಂದ ಗಂಡಾಂತರವನ್ನು ಅಳೆದು, ಅರ್ಹರಾದವರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ಸರಾಸರಿ 1,898 ಡಾಲರು ಕೊಡಲಾಯಿತು. ಆರು ತಿಂಗಳಲ್ಲಿ ಇವರು ಮನೆ ಕಳೆದುಕೊಳ್ಳುವ ಸಂಭವ, ಸಿಗದವರಿಗಿಂತ ಶೇಕಡ 81ರಷ್ಟು ಕಡಮೆಯಾಗಿದ್ದಿತು. ವರ್ಷದೊಳಗೆ ಶೇಕಡ 73ರಷ್ಟು.

ಇಷ್ಟಾದರೂ ಬಾಡಿಗೆಯ ಕರಾರುಪತ್ರ ಹೆಸರಿನಲ್ಲಿಲ್ಲದವರ ಪಾಡು ಬೇರೆ. ಕ್ಯಾಲಿಫೋರ್ನಿಯದ ನಿರಾಶ್ರಿತರನ್ನು ವಿಚಾರಿಸಿ ಅಲ್ಲಿನ ವಿಶ್ವವಿದ್ಯಾಲಯದವರು 2023ರಲ್ಲಿ ಹೊರತಂದ ವರದಿಯ ಪ್ರಕಾರ, ಕರಾರು ಇದ್ದವರಿಗೆ ಮನೆ ಬಿಡುವ ಮುನ್ನ ಸಾಮಾನ್ಯವಾಗಿ ಹತ್ತು ದಿನಗಳ ಮುನ್ಸೂಚನೆ ದೊರೆತಿದ್ದರೆ, ನೆಂಟರ ಅಥವಾ ಸ್ನೇಹಿತರ ಮನೆಯಲ್ಲಿ ಹೊಂದಿಕೊಂಡಿದ್ದಂಥ, ಕರಾರಿಲ್ಲದವರಿಗೆ ದೊರೆತದ್ದು ಒಂದೇ ದಿನ. ಅರ್ಜಿಯನ್ನು ಪಡೆದು, ಸಂಬಳದ ಚೀಟಿಯನ್ನು ಪರೀಕ್ಷಿಸಿ, ಒಡೆಯನನ್ನು ವಿಚಾರಿಸಿ ಚೆಕ್ಕು ಬರೆಯುವ ಯಾವ ನಿಧಿಯೂ ಅಷ್ಟರೊಳಗೆ ಅವರನ್ನು ಮುಟ್ಟುವಂತಿಲ್ಲ.